ಮನೆಯ ತೂಕ ಏರಿಸಿದವನು

ಈ ದೇಶದ ಮನೆಗಳ ತೂಕ ಹೆಚ್ಚಿಸಿದವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬವಿಲ್ಲದಿರುವ ವಿಷಯದಲ್ಲಿ ನನ್ನನ್ನು ಮೀರಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ. ಲಕ್ಷಾಂತರ ಮನೆಗಳು, ಗೋಡೆ, ಸೂರು, ಹೊಸ್ತಿಲು ಸಮೇತ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಹತ್ತರಿಂದ ಹದಿನೇಳಕ್ಕೆ ಏರಿದವು. ಏರಿಸಿದ್ದು ಈ ಬಾಯಿ.

ಬಾಯಿ ಎಂದೆನಲ್ಲ, ಸ್ವಲ್ಪ ಬಿಡಿಸಿ ಹೇಳಬೇಕು. ನಾನಿರುವುದು ಬೆಲೆಗಳ ಲೆಕ್ಕ ಹಾಕುವ ಕಚೇರಿಯಲ್ಲಿ. ಅಕ್ಕಿ, ಸಾಬೂನು, ಬಸ್ಸಿನ ಟಿಕೆಟ್ಟು, ಮನೆ ಬಾಡಿಗೆ ಎಲ್ಲದರ ಏರಿಕೆಯನ್ನೂ ಕಲಸಿ, ಒಂದೇ ಒಂದು ಅಂಕಿಯ ಉಂಡೆ ಮಾಡಿ ತಿಂಗಳಿಗೊಮ್ಮೆ ಜನರ ಬಾಯಿಗೆ ತುರುಕುವುದು ಅಲ್ಲಿನ ಕಸುಬು. ಒಂದು ಸಂಸಾರ ನೂರು ಖರ್ಚು ಮಾಡಿದರೆ ಅದರಲ್ಲಿ ಊಟಕ್ಕೆಷ್ಟು, ಬಟ್ಟೆಗೆಷ್ಟು, ಮನೆಗೆಷ್ಟು ಎಂಬ ಪಾಲಿಗೆ ನಮ್ಮಲ್ಲಿ ‘ತೂಕ’ ಎಂದು ಹೆಸರು. ತೂಕ ಹೆಚ್ಚಿರುವ ವಸ್ತುವಿನ ಬೆಲೆ ಒಂದು ಹೆಜ್ಜೆ ಏರಿದರೂ ಅಂಕಿ ಎದ್ದು ಕೂರುತ್ತದೆ. ತೂಕವಿಲ್ಲದ್ದರ ಬೆಲೆ ಆಕಾಶ ಮುಟ್ಟಿದರೂ ಅಂಕಿ ಮಗ್ಗುಲು ಬದಲಿಸುವುದಿಲ್ಲ.

ಇಂಥ ಕಚೇರಿಯಲ್ಲಿ ನಾನು ಓದುವವನು. ಅಚ್ಚಿಗೆ ಹೋಗುವ ಪಟ್ಟಿಯನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಎದುರು ಕೂತ ಇನ್ನೊಬ್ಬ ಮೂಲಪ್ರತಿ ನೋಡಿ ಟಿಕ್ ಹಾಕಬೇಕು. ಹತ್ತೊಂಬತ್ತು ವರ್ಷಗಳಿಂದ ಓದುತ್ತಿದ್ದೇನೆ. ನಾನು ಓದದೆ ಈ ದೇಶದಲ್ಲಿ ಒಂದು ಮೊಟ್ಟೆಯ ಬೆಲೆಯೂ ಏರಿಲ್ಲ. ಆ ಮಂಗಳವಾರ ಹೊಸ ತೂಕಗಳ ಪಟ್ಟಿ ಬಂದಾಗ “ವಸತಿ, ಹದಿನೇಳು” ಎಂದು ನಾನು ಓದಿದ ರೀತಿಗೆ ಟಿಕ್ ಹಾಕುವವನ ಪೆನ್ನು ಕೈಯಿಂದ ಜಾರಿತ್ತು. ಅವನಿಗೆ ತೂಕಡಿಕೆ ಬಂದಿತ್ತು ಎನ್ನುವವರ ಮಾತನ್ನು ನಂಬಬೇಡಿ.

ಅಂದು ಸಂಜೆ ಭಾವಮೈದ ಬರದೇ ಇದ್ದಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿಯ ತಮ್ಮ, ಹೊಸದಾಗಿ ಕಾರು ಕೊಂಡಿದ್ದ. ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಮ್ಮ ಮೂರನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ, ಕಾಫಿ ಕುಡಿದು, ಅಕ್ಕನ ಸೀರೆಯನ್ನೂ ಗೋಡೆಯ ಬಣ್ಣವನ್ನೂ ಅಳೆದು ನೋಡಿ, ಇಳಿಯುವಾಗ ನೆಲಮಹಡಿಯ ಮೆಟ್ಟಿಲಲ್ಲಿ ನಿಂತು ಕೇಳಿದ: “ಭಾವ, ಇನ್ನೂ ಆ ಓದೋ ಕೆಲಸನೇನಾ?”

ಮನುಷ್ಯನಾದವನು ಇಂಥ ಹೊತ್ತಿನಲ್ಲಿ ಏನು ಹೇಳಬೇಕೋ ಅದನ್ನೇ ಹೇಳಿದೆ. ಇವತ್ತು ಬೆಳಿಗ್ಗೆ ಎಲ್ಲಾ ಮನೆಗಳ ತೂಕವನ್ನೂ ನಾನೇ ಏರಿಸಿ ಬಂದಿದ್ದೇನೆ, ನಾವಿರುವ ಈ ಮನೆಯೂ ಸೇರಿ ಎಂದೆ. ನೂರಕ್ಕೆ ಹತ್ತಿದ್ದದ್ದು ಹದಿನೇಳಾಗಿದೆ, ಇನ್ನೂ ಏರಿಸಬಹುದಿತ್ತು, ಸಾಹೇಬರು ಕೈಮುಗಿದದ್ದಕ್ಕೆ ಬಿಟ್ಟೆ ಎಂದೆ. ಭಾವಮೈದ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿದ. ನನಗೆ ಅಷ್ಟೇ ಬೇಕಾಗಿತ್ತು.

ಆದರೆ ನೆಲಮಹಡಿಯ ಬಾಗಿಲು ಅರೆ ತೆರೆದಿತ್ತು. ಒಳಗೆ ವೇಬ್ರಿಡ್ಜ್ ತಾತ ಕೂತಿದ್ದರು.

ತಾತ ಲಾರಿಗಳನ್ನು ಸರಕಿನ ಸಮೇತ ತೂಗುವ ವೇಬ್ರಿಡ್ಜಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ನಡೆದು ಬರುವ ಮನುಷ್ಯನನ್ನು ನೋಡಿ ಚಪ್ಪಲಿ ಬಿಟ್ಟು ಎಷ್ಟು, ಚಪ್ಪಲಿ ಸೇರಿ ಎಷ್ಟು ಎಂದು ಹೇಳಬಲ್ಲರು. ಅವರ ಪಾಲಿಗೆ ತೂಕವೆಂದರೆ ಒಂದೇ. ಅದು ಚಕ್ರದ ಮೇಲೆ ಬೀಳುತ್ತದೆ, ಹೆಚ್ಚಾದರೆ ಅಚ್ಚು ಮುರಿಯುತ್ತದೆ. ಮಾರನೆಯ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ತಾತ ಎದ್ದು ನಿಂತು ನಮಸ್ಕಾರ ಮಾಡಿ, ಹನ್ನೆರಡು ವರ್ಷಗಳಲ್ಲಿ ಮೊದಲ ಸಲ “ಸಾಹೇಬ್ರೇ” ಅಂದರು. ಈ ಮನೆಯ ತೂಕ ನಿಜವಾಗಿಯೂ ಏರಿದೆಯೇ ಎಂದು ಕೇಳಿದರು. ಏರಿದೆ ಎಂದೆ. ಹಾಗಿದ್ದರೆ ಒಂದು ಚೀಟಿ ಕೊಡಿ, ಚೀಟಿ ಇಲ್ಲದ ತೂಕ ತೂಕವೇ ಅಲ್ಲ ಎಂದರು.

ಸಾಹೇಬ ಎನಿಸಿಕೊಂಡವನು ಒಂದು ಚೀಟಿಗೆ ಹಿಂದೆಮುಂದೆ ನೋಡುತ್ತಾನೆಯೇ? ಕಚೇರಿಯ ಹೆಸರಿದ್ದ ಹಾಳೆಯ ಮೇಲೆ, ನನ್ನ ಮುತ್ತಿನಂಥ ಅಕ್ಷರದಲ್ಲಿ, ‘ಈ ಸಾಲಿನಿಂದ ಮನೆಗಳ ತೂಕವು ನೂರಕ್ಕೆ ಹತ್ತರಿಂದ ಹದಿನೇಳಕ್ಕೆ ಏರಿರುವುದನ್ನು ದೃಢೀಕರಿಸಲಾಗಿದೆ’ ಎಂದು ಬರೆದು, ಕೆಳಗೆ ಮೊಹರು ಒತ್ತಿ ಕೊಟ್ಟೆ. ಮೊಹರು ನನ್ನ ಮೇಜಿನ ಡ್ರಾಯರಿನಲ್ಲೇ ಇರುತ್ತದೆ. ಅದರ ಮಸಿಪ್ಯಾಡಿಗೆ ನೀರು ಹಾಕುವ ಹೊಣೆ ನನ್ನದು. ತಾತ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಅವರ ಮುಖ ಕಪ್ಪಿಟ್ಟದ್ದನ್ನು ನಾನು ಗೌರವವೆಂದುಕೊಂಡೆ.

ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಪ್ರತಿ ಬಾಗಿಲ ಮೇಲೂ ತಾತ ಸೀಮೆಸುಣ್ಣದಲ್ಲಿ ಬರೆದ ಕಿಲೋ ಲೆಕ್ಕದ ಅಂಕಿ. ಮೊದಲ ಮಹಡಿಯಲ್ಲಿ ಟೈಲರ್ ಅಕ್ಕ ತನ್ನ ಕಬ್ಬಿಣದ ಹೊಲಿಗೆ ಮಿಷನ್ನಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಅದು ಮೂವತ್ತೆಂಟು ಕಿಲೋ, ಅದರ ಮುಂದೆ ಕೂತು ತುಳಿಯುವ ಅಕ್ಕ ಎಪ್ಪತ್ತೊಂದು, ತುಳಿಯುವಾಗ ಅದುರುವುದರಿಂದ ಎರಡೂ ಸೇರಿ ಒಂದೂವರೆ ಪಾಲು ಎಂದು ತಾತ ತೀರ್ಪು ಕೊಟ್ಟಿದ್ದರಂತೆ. ಎರಡನೆಯ ಮಹಡಿಯ ಬಸ್ ಡ್ರೈವರ್ ಕನ್ನಡಿ ಬೀರುವನ್ನು ಬಿಚ್ಚಿ ಬೀದಿಗಿಳಿಸುತ್ತಿದ್ದ. ತಾರಸಿಯ ಟ್ಯಾಂಕಿಗೆ ಅರ್ಧಕ್ಕಿಂತ ಹೆಚ್ಚು ನೀರು ಬಿಡಬಾರದೆಂದು ಕಟ್ಟಪ್ಪಣೆಯಾಗಿ, ಬೆಳಿಗ್ಗೆ ಒಂಬತ್ತಕ್ಕೇ ನಲ್ಲಿಗಳು ಒಣಗಿದ್ದವು. ಮಹಡಿಯ ಸಂಸಾರಗಳು ಒಬ್ಬರ ಸಾಮಾನನ್ನೊಬ್ಬರು ಇಣುಕಿ ನೋಡುವಂತಾಗಿತ್ತು. ಡ್ರೈವರನ ಮನೆಗೆ ನಾಲ್ಕು ದಿನಕ್ಕೆಂದು ಬಂದ ದಪ್ಪ ಅತ್ತಿಗೆಯನ್ನು ಟೈಲರ್ ಅಕ್ಕ ಮೆಟ್ಟಿಲಲ್ಲಿ ತಡೆದು, ಯಾವತ್ತು ಹೊರಡ್ತೀರಿ ಎಂದು ಕೇಳಿ, ಎರಡು ಮನೆಯ ನಡುವೆ ಮಾತು ನಿಂತಿತ್ತು.

ಆಗ ನನಗೆ ವಿಷಯ ಹೊಳೆಯಿತು. ನನ್ನಷ್ಟು ಚುರುಕು ಬುದ್ಧಿಯವನಿಗೆ ನಾಲ್ಕು ದಿನ ಹಿಡಿಯಿತೆಂದರೆ ವಿಷಯ ಎಷ್ಟು ಗಹನವಾದದ್ದಿರಬೇಕು, ನೀವೇ ಊಹಿಸಿ. ತಾತನನ್ನು ಕೂರಿಸಿ ವಿವರಿಸಿದೆ: ಇದು ಆ ತೂಕವಲ್ಲ, ಕಣ್ಣಿಗೆ ಕಾಣುವಂಥದ್ದಲ್ಲ. ತಾತ ತಲೆಯಾಡಿಸಿದರು. “ಕಣ್ಣಿಗೆ ಕಾಣದ ತೂಕವೇ ಅಪಾಯ ಸಾಹೇಬ್ರೇ. ಒದ್ದೆ ಮರಳಿನ ಲಾರಿ ನೋಡಿದ್ದೀರಾ?” ಎಂದರು. ಇದು ಖರ್ಚಿನ ಪಾಲು, ಸರಾಸರಿ ಎಂದೆ. ಸರಾಸರಿ ಎಂದರೆ ಕೆಲವು ಮನೆ ಇನ್ನೂ ಹೆಚ್ಚು ಭಾರ ಎಂದಾಯಿತಲ್ಲ ಎಂದರು. ಇನ್ನೊಂದೇ ಮಾತು ಉಳಿದಿತ್ತು: ನಾನು ಏನನ್ನೂ ಏರಿಸಿಲ್ಲ, ಬರೆದದ್ದನ್ನು ಓದುವವನು ಅಷ್ಟೇ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೈಲರ್ ಅಕ್ಕ ಕುರ್ಚಿ ತಂದು, ಸಾಹೇಬರು ನಿಂತೇ ಇದ್ದಾರಲ್ಲ ಎಂದಳು. ತೆರೆದ ಬಾಯಲ್ಲಿ ಆಕಳಿಸಿದೆ.

ತಾತ ನಮ್ಮ ಮನೆಗೂ ಬಂದರು. ನಮ್ಮದು ಎರಡು ಕೋಣೆ. ಒಂದು ಕೋಣೆ ಪೂರ್ತಿ ಅಮ್ಮನ ಕಬ್ಬಿಣದ ಮಂಚ. ಅಮ್ಮ ಅದರ ಮೇಲೆ ನಾಲ್ಕು ವರ್ಷದಿಂದ ಮಲಗಿದ್ದಾಳೆ. ಎಡಗೈ, ಎಡಗಾಲು ಅವಳ ಮಾತು ಕೇಳುವುದಿಲ್ಲ. ತಾತ ಮಂಚದ ಲೆಕ್ಕ ಬರೆದುಕೊಂಡು, ಮುಂದಿನದನ್ನು ಕೇಳಲು ನಾಚಿ ಕಿಟಕಿ ನೋಡುತ್ತ ನಿಂತರು. ಅಮ್ಮನೇ ದಾರಿ ಮಾಡಿಕೊಟ್ಟಳು. “ಅರವತ್ತು ಬರ್ಕೊಳ್ಳಿ ಅಣ್ಣಯ್ಯ. ಮದುವೇಲಿ ಅರವತ್ತೆರಡಿದ್ದೆ, ಈಗ ಸ್ವಲ್ಪ ಇಳಿದಿದ್ದೀನಿ.” ತಾತ ಅರವತ್ತು ಬರೆದುಕೊಂಡರು. ನನ್ನ ಹೆಂಡತಿ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಟ್ಟಳು.

ಇಷ್ಟಾದರೂ ಅನಾಹುತವೇನೂ ಆಗುತ್ತಿರಲಿಲ್ಲ, ಅಳಿಯ ಇಲ್ಲದಿದ್ದರೆ. ಅಳಿಯ ಎಂದರೆ ಮನೆ ಮಾಲೀಕರ ಅಳಿಯ. ಮಾವ ತೀರಿಕೊಂಡ ಮೇಲೆ ಕಟ್ಟಡ ಅವನ ಕೈಗೆ ಬಂದಿತ್ತು. ಇದನ್ನು ಕೆಡವಿ ಎಂಟು ಮಹಡಿ ಎಬ್ಬಿಸಬೇಕೆಂದು ಆರು ವರ್ಷದಿಂದ ಕನಸು ಕಾಣುತ್ತಿದ್ದ. ಹಳೆಯ ಬಾಡಿಗೆಯ ನಮ್ಮನ್ನು ಎಬ್ಬಿಸಲು ಕಾನೂನಿನಲ್ಲಿ ಅವನಿಗಿದ್ದದ್ದು ಒಂದೇ ದಾರಿ: ಕಟ್ಟಡ ಬೀಳುವಂತಿರಬೇಕು. ಅದು ಬೀಳುತ್ತಿರಲಿಲ್ಲ. ಹಳೆಯ ಕಾಲದವರು ಕಟ್ಟಿದ್ದು, ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತಿತ್ತು.

ಟ್ಯಾಂಕಿನ ನೀರಿನ ಜಗಳಕ್ಕೆ ತೀರ್ಪು ಹೇಳಲು ಬಂದವನಿಗೆ ತಾತ ಚೀಟಿ ತೋರಿಸಿದರು. ಅಳಿಯ ಓದಿದ. ಮತ್ತೊಮ್ಮೆ ಓದಿದ. ಮೊಹರನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. ಆಮೇಲೆ ಮೂರು ಮಹಡಿ ಹತ್ತಿ ಬಂದು, ಬಾಡಿಗೆ ಕೇಳುವಾಗಲೂ ಹೊಸ್ತಿಲು ದಾಟದವನು ಒಳಗೆ ಬಂದು, ನನ್ನ ಕೈ ಹಿಡಿದು ಕುಲುಕಿ, ನಿಮ್ಮಂಥ ಅಧಿಕಾರಿ ನಮ್ಮ ಕಟ್ಟಡದಲ್ಲಿರುವುದೇ ಪುಣ್ಯ ಎಂದ. ಚೀಟಿಯ ಪ್ರತಿ ಮಾಡಿಸಿಕೊಂಡು ಹೋದ.

ಮೂರನೆಯ ದಿನ ನಗರಸಭೆಯ ಇಂಜಿನಿಯರ್ ಬಂದ. ಸಣ್ಣ ಸುತ್ತಿಗೆಯಲ್ಲಿ ಗೋಡೆ ತಟ್ಟಿ, ಕಿವಿಗೊಟ್ಟು, ಡಾಕ್ಟರನಂತೆ ‘ಹೂಂ’ ಎಂದ. ಬೀದಿಯಲ್ಲಿ ಬಿದ್ದಿದ್ದ ಬೀರು, ತುಳಿಯದೆ ನಿಂತ ಹೊಲಿಗೆ ಮಿಷನ್ನು, ಬಾಗಿಲ ಮೇಲಿನ ಅಂಕಿಗಳು ಎಲ್ಲದರ ಫೋಟೋ ತೆಗೆದ. ಬಾಡಿಗೆದಾರರೇ ಭಯದಿಂದ ಸಾಮಾನು ಇಳಿಸುತ್ತಿದ್ದಾರೆ, ಸರ್ಕಾರಿ ಕಚೇರಿಯೇ ತೂಕ ದೃಢಪಡಿಸಿದೆ ಎಂದು ಬರೆದುಕೊಂಡ. ಕಟ್ಟಡವನ್ನು ಯಾಕೆ ತೆರವು ಮಾಡಿಸಬಾರದು, ವಾರದೊಳಗೆ ಕಾರಣ ಹೇಳಿ ಎಂಬ ನೋಟೀಸನ್ನು ಮೆಟ್ಟಿಲ ಗೋಡೆಗೆ ಅಂಟಿಸಿದ.

ಆ ಸಂಜೆ ಹೆಂಡತಿ ನನ್ನೆದುರು ಕೂತಳು. “ಹೋಗಿ ನಿಮ್ಮ ಸಾಹೇಬ್ರ ಕಾಲು ಹಿಡೀರಿ. ಈ ಮನೆ ಹೋದ್ರೆ ಅತ್ತೇನ ಎತ್ಕೊಂಡು ಎಲ್ಲಿಗೆ ಹೋಗೋದು? ಮಂಚದ ಮೇಲಿರೋ ಮನುಷ್ಯರಿಗೆ ಯಾರು ಮನೆ ಕೊಡ್ತಾರೆ?”

ಹೋದೆ. ಕಾಲನ್ನೇನೂ ಹಿಡಿಯಲಿಲ್ಲ, ಮೇಜಿನ ಕೆಳಗೆ ಬಿದ್ದಿದ್ದ ಪಿನ್ನು ಹುಡುಕಲು ಬಗ್ಗಿದ್ದೆ ಅಷ್ಟೇ. ಸಾಹೇಬರು ಮೊದಲು ಮೊಹರಿನ ವಿಷಯಕ್ಕೆ ಬೈದರು, ಆಮೇಲೆ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿದರು. ಅವರು ಪ್ರಾಮಾಣಿಕರು. ನಮ್ಮ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ. ಹದಿನೇಳು ಎಂಬ ತೂಕ ಸ್ವಂತ ಮನೆಯವರನ್ನೂ ಬಾಡಿಗೆಯವರನ್ನೂ ಒಂದೇ ಚೀಲಕ್ಕೆ ಸುರಿದು ಅಲ್ಲಾಡಿಸಿದಾಗ ಬರುವುದು, ಬಾಡಿಗೆಯವರ ಸಂಕಟ ಅದರಲ್ಲಿ ಕಾಣುವುದೇ ಇಲ್ಲ ಎಂದು ಸಭೆ ಸಭೆಯಲ್ಲೂ ವಾದಿಸಿ ಸೋತವರು. ಇಷ್ಟು ವರ್ಷದ ಆ ನೋವನ್ನು, ಇಂಜಿನಿಯರನಿಗೆ ತೋರಿಸಲೆಂದು ನನಗೆ ಬರೆದುಕೊಟ್ಟ ಪತ್ರದಲ್ಲಿ ಇಳಿಸಿದರು.

ಪತ್ರ ನೋಡಿ ನನಗೆ ಕಣ್ಣು ತುಂಬಿ ಬಂತು. ಎರಡು ಪುಟ, ಸಾಹೇಬರ ಸಹಿ, ಅವರೇ ಒತ್ತಿದ ಮೊಹರು. ಇಂಜಿನಿಯರ್ ಬರುವ ದಿನ ಎಲ್ಲರೂ ನೆಲಮಹಡಿಯಲ್ಲಿ ಸೇರಿದರು. ಪತ್ರವನ್ನು ಅವನ ಕೈಗೆ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದ ಓದುಗಾರ ಎದುರಿಗಿರುವಾಗ ಇನ್ನೊಬ್ಬ ಓದುವುದೆಂದರೇನು? ಗಂಟಲು ಸರಿಮಾಡಿಕೊಂಡು, ಬೀದಿಯ ಆ ತುದಿಗೂ ಕೇಳುವಂತೆ ಓದಿದೆ:

“ಸದರಿ ತೂಕವು ಸ್ವಂತ ಮನೆಯವರನ್ನೂ ಒಳಗೊಂಡ ಸರಾಸರಿಯಾಗಿದ್ದು, ಯಾವುದೇ ಒಂದು ಕಟ್ಟಡಕ್ಕೆ ಸಂಬಂಧಿಸಿರುವುದಿಲ್ಲ. ವಾಸ್ತವದಲ್ಲಿ, ಬಾಡಿಗೆದಾರರ ಮೇಲೆ ಬೀಳುತ್ತಿರುವ ಮನೆಯ ತೂಕವು ಇದಕ್ಕಿಂತ ಬಹಳ ಹೆಚ್ಚಾಗಿದ್ದು, ಕೆಲವೆಡೆ ಐವತ್ತನ್ನೂ ಮೀರಿರುವುದು ಈ ಕಚೇರಿಯ ಗಮನದಲ್ಲಿದೆ.”

ಓದಿ ಮುಗಿಸಿ ತಲೆಯೆತ್ತಿದಾಗ ಟೈಲರ್ ಅಕ್ಕ ಗೋಡೆಯಿಂದ ಎರಡು ಹೆಜ್ಜೆ ದೂರ ಸರಿದಿದ್ದಳು. ಡ್ರೈವರ್ ಸೂರು ನೋಡುತ್ತಿದ್ದ. “ಐವತ್ತು,” ಎಂದರು ತಾತ, ಕೂತಲ್ಲೇ ಬೆವರುತ್ತ. ಅಳಿಯ ಬಹಳ ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ, ‘ಬೀಳುತ್ತಿರುವ’ ಎಂದಲ್ಲವೇ ಇರುವುದು, ‘ಬೀಳಬಹುದಾದ’ ಎಂದೇನೂ ಇಲ್ಲವಲ್ಲ ಎಂದು ಇಂಜಿನಿಯರನನ್ನು ಕೇಳಿದ.

ಆಗ ನಾನು ಹೇಳಿದೆ. ಎಲ್ಲರ ಮುಂದೆ, ಗಟ್ಟಿಯಾಗಿ. ನಾನು ಅಧಿಕಾರಿಯಲ್ಲ, ಏನನ್ನೂ ಏರಿಸಿಲ್ಲ, ಯಾರೋ ಬರೆದದ್ದನ್ನು ಓದುವವನು. ಚೀಟಿ ಕೊಟ್ಟದ್ದು ಬರೀ ಬಡಾಯಿ. ನನ್ನ ಜೀವನದಲ್ಲಿ ಅಷ್ಟು ನಿಜವನ್ನು ಒಂದೇ ಉಸಿರಿಗೆ ಹಿಂದೆಂದೂ ಹೇಳಿರಲಿಲ್ಲ. ತಾತನ ಕಣ್ಣಲ್ಲಿ ನೀರು ಬಂತು. ನೋಡಿ, ನಮ್ಮನ್ನು ಉಳಿಸೋದಕ್ಕೆ ಎಷ್ಟು ತಗ್ಗಿ ಮಾತಾಡ್ತಿದ್ದಾರೆ ಎಂದು ಡ್ರೈವರನಿಗೆ ಹೇಳಿದರು.

ಇಂಜಿನಿಯರನ ತೋಳು ಹಿಡಿದು ಮೆಟ್ಟಿಲ ಮರೆಗೆ ಕರೆದುಕೊಂಡು ಹೋದೆ. ಓದಿದವರು, ನಿಮಗಾದರೂ ಅರ್ಥವಾಗಬೇಕಲ್ಲ ಎಂದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

“ಆ ತೂಕ ಯಾವುದು ಅಂತ ನನಗೆ ಮೊದಲ ದಿನವೇ ಗೊತ್ತು ಸ್ವಾಮಿ. ನಾನೂ ಬಾಡಿಗೆ ಮನೇಲೇ ಇರೋದು. ಈ ಎಂಟು ಮಹಡೀಲಿ ಒಂದು ಮನೆ ನಂದು ಅಂತ ಮಾತಾಗಿದೆ.”

ಅಷ್ಟು ಹೇಳಿ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಸಹಿ ಮಾಡಿದ. ಖಾಲಿ ಮಾಡಲು ಹತ್ತು ದಿನ.

ಆ ಹತ್ತು ದಿನದಲ್ಲಿ ನಾವು ಮುನ್ನೂರು ಮನೆ ನೋಡಿದೆವು. ಹೆಂಡತಿ ಹದಿನಾಲ್ಕು ಎನ್ನುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲ. ಎಲ್ಲ ಕಡೆಯೂ ಮೊದಲು ನಲ್ಲಿ ತೋರಿಸುತ್ತಿದ್ದರು, ಆಮೇಲೆ ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಿದ್ದರು. ಅಮ್ಮ ಮಲಗಿದ್ದಾಳೆ ಎಂದ ಕೂಡಲೇ ಆ ಮನೆ ನಿನ್ನೆಯೇ ಬೇರೆಯವರಿಗೆ ನಿಗದಿಯಾಗಿರುತ್ತಿತ್ತು. ಎಷ್ಟು ದಿನದಿಂದ ಮಲಗಿದ್ದಾರೆ ಎಂದು ಕೇಳಿದವರೂ ಇದ್ದರು. ನಾಲ್ಕು ವರ್ಷ ಎಂದರೆ, ಇನ್ನೆಷ್ಟು ದಿನ ಎಂದು ಬಾಯಿಬಿಟ್ಟು ಕೇಳದೆ ಬರೀ ಹುಬ್ಬು ಏರಿಸುತ್ತಿದ್ದರು. ಬಾಡಿಗೆ ಕೇಳಿದಾಗ ನಾನು ನಮ್ಮ ಕಚೇರಿಯ ಅಂಕಿ ಹೇಳಿ ವಾದಿಸಿದೆ. ಮನೆಯ ಖರ್ಚೆಂದರೆ ನೂರಕ್ಕೆ ಹದಿನೇಳು, ಇದು ದೇಶದ ಲೆಕ್ಕ ಎಂದೆ. ಬೀದಿಯಲ್ಲಿ ಹೆಂಡತಿ ನಿಂತುಬಿಟ್ಟಳು.

“ಆ ಹದಿನೇಳರ ಮನೆ ಎಲ್ಲಿದೆ? ವಿಳಾಸ ಕೊಡಿ. ಈಗಲೇ ಹೋಗೋಣ.”

ಹತ್ತು ದಿನದ ಒಂಬತ್ತನೆಯ ಮಧ್ಯಾಹ್ನ ಒಂದು ಕೋಣೆ ಸಿಕ್ಕಿತು. ಔಷಧಿ ಅಂಗಡಿಯವನದು, ಅಂಗಡಿಯ ಹಿಂಭಾಗ. ಕಿಟಕಿ ತೆರೆದರೆ ಪಕ್ಕದ ಗೋಡೆ, ಮುಚ್ಚಿದರೆ ನಮ್ಮದೇ ಗೋಡೆ. ಬಾಡಿಗೆ ನನ್ನ ನೂರರಲ್ಲಿ ಅರವತ್ತೆರಡು. ಅಮ್ಮನ ವಿಷಯ ಕೇಳಿ ಅವನು ಇಲ್ಲವೆನ್ನಲಿಲ್ಲ. ಮಾತ್ರೆಯ ಚೀಟಿ ತೋರಿಸಿ ಎಂದ. ಜಾತಕ ನೋಡುವವನಂತೆ ಬೆರಳಿಟ್ಟು ಒಂದೊಂದೇ ಮಾತ್ರೆಯ ಹೆಸರು ಓದಿದ. ಈ ಬಿಳಿಯದು ಶುರುವಾಗಿ ಎಷ್ಟು ತಿಂಗಳಾಯಿತು ಎಂದ. ಚೀಟಿ ಮಡಿಚಿ ವಾಪಸು ಕೊಟ್ಟ.

“ತಪ್ಪು ತಿಳೀಬೇಡಿ. ಅಂಗಡಿ ಹಿಂದೆ ಸಾವಾದ್ರೆ ಮುಂದೆ ಔಷಧಿ ಯಾರು ಕೊಳ್ತಾರೆ? ಹಾಗೇನೂ ಆಗಲ್ಲ ಅಂತ ಬರ್ದುಕೊಟ್ಟರೆ ಬೀಗದ ಕೈ ಈಗಲೇ ಕೊಡ್ತೀನಿ.”

ಹೆಂಡತಿ ನನ್ನ ಅಂಗಿಯ ತುದಿ ಎಳೆದಳು. ಆದರೆ ಬರೆದುಕೊಡು ಎಂದು ಕೇಳಿಸಿಕೊಂಡ ಮೇಲೆ ನನ್ನ ಕೈ ಎಂದಾದರೂ ಸುಮ್ಮನಿದ್ದದ್ದುಂಟೇ? ನಮ್ಮ ವಂಶದಲ್ಲಿ ಸಾಯುವ ಅಭ್ಯಾಸವೇ ಇಲ್ಲ ಎಂದೆ. ನಮ್ಮಜ್ಜಿ ನೂರಾ ನಾಲ್ಕಕ್ಕೆ ಹೊಸ ಹಲ್ಲು ಕಂಡವಳು, ನಮ್ಮಮ್ಮ ಅವಳಿಗಿಂತ ಗಟ್ಟಿ ಎಂದೆ. ಕರಾರು ಪತ್ರದ ಕೊನೆಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ‘ಕರಾರಿನ ಅವಧಿಯಲ್ಲಿ ಸದರಿ ಕೋಣೆಯಲ್ಲಿ ಯಾವುದೇ ಮರಣ ಸಂಭವಿಸತಕ್ಕದ್ದಲ್ಲ, ತಪ್ಪಿದಲ್ಲಿ ಅಂದೇ ಖಾಲಿ ಮಾಡತಕ್ಕದ್ದು’ ಎಂದು ಬರೆದು ಸಹಿ ಮಾಡಿದೆ.

ಮಾರನೆಯ ಬೆಳಿಗ್ಗೆ ಅಮ್ಮನನ್ನು ಇಳಿಸಿದೆವು. ಮಂಚ ಮೆಟ್ಟಿಲಲ್ಲಿ ತಿರುಗದ್ದರಿಂದ ಅವಳನ್ನು ಕಂಬಳಿಯಲ್ಲಿ ಸುತ್ತಿ, ನಾಲ್ಕು ಮೂಲೆ ನಾಲ್ವರು ಹಿಡಿದೆವು: ನಾನು, ಹೆಂಡತಿ, ಡ್ರೈವರ್, ತಾತ. ಟೈಲರ್ ಅಕ್ಕ ಆಗಲೇ ಮಿಷನ್ನನ್ನು ಗುಜರಿಗೆ ಹಾಕಿ ಹೊರಟುಹೋಗಿದ್ದಳು. ಮೊದಲ ಮಹಡಿಯ ತಿರುವಿನಲ್ಲಿ ತಾತ ನಿಂತರು. ಸುಸ್ತಾಯಿತೇನೋ ಎಂದು ನೋಡಿದರೆ, ಅವರು ಕಂಬಳಿಯ ತುದಿಯನ್ನು ಒಂದೇ ಕೈಗೆ ಬದಲಿಸಿ, ಮೇಲೆ ಕೆಳಗೆ ಮಾಡಿ ನೋಡುತ್ತಿದ್ದರು. ಮೂವತ್ತೆರಡು ವರ್ಷದಲ್ಲಿ ಒಂದು ಲಾರಿಯನ್ನೂ ತಪ್ಪು ಬರೆದವರಲ್ಲ. “ಮೂವತ್ತೂ ಇಲ್ಲವಲ್ಲಪ್ಪಾ,” ಎಂದರು. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

ಹೊಸ ಕೋಣೆಯಲ್ಲಿ ಅವಳಿಗೆ ನೆಲದ ಮೇಲೆ ಹಾಸಿದೆವು. ಮುಂದಿನ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಮನೆಯವನು ಏನು ಬರೆಸಿಕೊಂಡ ಎಂದು ಅಮ್ಮ ಕೇಳಿದಳು. ಹೆಂಡತಿ ಏನೂ ಇಲ್ಲ ಅತ್ತೆ ಎಂದಳು. ನನಗೆ ತಡೆಯಲಾಗಲಿಲ್ಲ. ಹದಿನಾಲ್ಕು ಮನೆಯವರು ಬಾಗಿಲು ಮುಚ್ಚಿದ ಕಡೆ ನಾನು ಒಂದೇ ಸಾಲು ಬರೆದು ಹೇಗೆ ಬೀಗದ ಕೈ ಗೆದ್ದೆ ಎಂಬುದನ್ನು ಅಕ್ಷರಕ್ಷರ ವಿವರಿಸಿದೆ. ಆ ಸಾಲನ್ನು ಗಟ್ಟಿಯಾಗಿ ಓದಿಯೂ ತೋರಿಸಿದೆ.

ಅಮ್ಮ ಪೂರ್ತಿ ಕೇಳಿದಳು. “ಕರಾರು ಎಷ್ಟು ದಿನಕ್ಕೆ?”

“ಒಂದು ವರ್ಷ ಅಮ್ಮ.”

ಅವಳು ಸರಿಯಾಗಿದ್ದ ಕೈಯ ಬೆರಳುಗಳನ್ನು ಕಂಬಳಿಯ ಮೇಲೆ ಒಂದೊಂದಾಗಿ ಮಡಿಚಿ ಎಣಿಸಿದಳು. ಬೆರಳು ಸಾಲದೆ ಮತ್ತೆ ಮೊದಲಿನಿಂದ ಎಣಿಸಿದಳು.

“ಅಷ್ಟು ದೊಡ್ಡ ಮಾತು ಕೊಡೋ ಮುಂಚೆ ನನ್ನನ್ನೊಂದು ಸಲ ಕೇಳಬಾರದಿತ್ತೇನೋ,” ಎಂದಳು. “ಆರು ತಿಂಗಳು ಅಂದಿದ್ರೆ ಹೇಗೋ ಎಳೀತಿದ್ದೆ.”